ಕಡತ ಓದುವ ಕಸುಬು: ಲಂಡನ್ನಿನ ಕಮರ್ಷಿಯಲ್ ಬ್ಯಾರಿಸ್ಟರ್

ವಿಜಯ್ ಮಲ್ಯ ಲಂಡನ್ನಿಗೆ ಹೋದ ಮೇಲೆ ನಡೆದ ಗಡೀಪಾರು ವಿಚಾರಣೆಯ ಸುದ್ದಿ ನಮ್ಮ ಪತ್ರಿಕೆಗಳ ಮುಖಪುಟದಲ್ಲಿ ಬಂತು. ಅದೇ ಹೊತ್ತಿಗೆ ಅದೇ ಊರಿನ ಇನ್ನೊಂದು ಕೋರ್ಟಿನಲ್ಲಿ ನಡೆದ ಮೊಕದ್ದಮೆಗೆ ಅಷ್ಟು ಪ್ರಚಾರ ಸಿಗಲಿಲ್ಲ. ಬ್ಯಾಂಕುಗಳಿಗೆ 6,203 ಕೋಟಿ ರೂಪಾಯಿ ಮತ್ತು ಅದರ ಮೇಲಿನ ಬಡ್ಡಿ ಸಲ್ಲಬೇಕೆಂದು ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ 2017ರ ಜನವರಿಯಲ್ಲಿ ಆದೇಶ ಮಾಡಿತ್ತು. ಹದಿಮೂರು ಬ್ಯಾಂಕುಗಳು ಆ ಆದೇಶವನ್ನು ಲಂಡನ್ನಿಗೆ ಒಯ್ದು ಅಲ್ಲಿನ ಹೈಕೋರ್ಟಿನಲ್ಲಿ ನೋಂದಾಯಿಸಿದವು. ಮಲ್ಯ ಅವರ ಆಸ್ತಿ ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಅದನ್ನು ಪರಭಾರೆ ಮಾಡಬಾರದೆಂಬ ತಡೆಯಾಜ್ಞೆಯನ್ನೂ ಪಡೆದವು. ಅದನ್ನು ತೆಗೆದುಹಾಕಿ ಎಂಬ ಮಲ್ಯ ಅವರ ಅರ್ಜಿಯನ್ನು 2018ರ ಮೇ ತಿಂಗಳಲ್ಲಿ ತಳ್ಳಿಹಾಕಿದವರು ಆಂಡ್ರ್ಯೂ ಹೆನ್‌ಶಾ. ಜಡ್ಜ್ ಪೀಠಕ್ಕೆ ಬರುವ ಮುಂಚೆ ಅವರು ಲಂಡನ್ನಿನ ಬ್ರಿಕ್ ಕೋರ್ಟ್ ಚೇಂಬರ್ಸ್‌ನಲ್ಲಿ ವಕಾಲತ್ತು ಮಾಡುತ್ತಿದ್ದ ಕಮರ್ಷಿಯಲ್ ಬ್ಯಾರಿಸ್ಟರ್.

ಬೆಂಗಳೂರಿನ ಕಾಗದ ಲಂಡನ್ನಿನಲ್ಲಿ ಜೀವ ಪಡೆಯುವಂತೆ ಮಾಡುವ, ಅಥವಾ ಪಡೆಯದಂತೆ ತಡೆಯುವ ಈ ವರ್ಗದ ವಕೀಲರು ಏನು ಮಾಡುತ್ತಾರೆ, ಅಲ್ಲಿಗೆ ಹೇಗೆ ತಲುಪುತ್ತಾರೆ ಎನ್ನುವುದು ಈ ಪಾಠದ ವಿಷಯ. ಕಾನೂನು ಓದಿಲ್ಲದವರೂ ಹೆದರಬೇಕಿಲ್ಲ. ಸಿನಿಮಾದಲ್ಲಿ ನೋಡಿದ ಕೋರ್ಟನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟರೆ ಸಾಕು.

ಮೊದಲು ಬ್ಯಾರಿಸ್ಟರ್ ಯಾರು ಎಂಬುದು. ನಮ್ಮಲ್ಲಿ 1961ರ ಅಡ್ವೊಕೇಟ್ಸ್ ಕಾಯ್ದೆ ಬಂದಮೇಲೆ ಕಕ್ಷಿದಾರನ ಮಾತು ಕೇಳಿ, ದಾವೆ ಬರೆದು, ಕೋರ್ಟಿನಲ್ಲಿ ನಿಂತು ವಾದಿಸುವವರೆಗೆ ಎಲ್ಲವನ್ನೂ ಒಬ್ಬನೇ ವಕೀಲ ಮಾಡಬಹುದು. ಇಂಗ್ಲೆಂಡಿನಲ್ಲಿ ಈ ಕೆಲಸ ಇಂದಿಗೂ ಎರಡಾಗಿ ಒಡೆದಿದೆ. ಕಕ್ಷಿದಾರನ ಜೊತೆ ದಿನನಿತ್ಯದ ವ್ಯವಹಾರ, ಪತ್ರಗಳು, ಸಾಕ್ಷ್ಯ ಸಂಗ್ರಹ ಇವೆಲ್ಲ ಸಾಲಿಸಿಟರ್ ಕೆಲಸ. ಸಾಲಿಸಿಟರುಗಳು ಲಕ್ಷ ದಾಟಿದ್ದಾರೆ, ದೊಡ್ಡ ದೊಡ್ಡ ಸಂಸ್ಥೆಗಳಲ್ಲಿ ಪಾಲುದಾರರಾಗಿಯೋ ಸಂಬಳಕ್ಕೋ ಇರುತ್ತಾರೆ. ವಿವಾದ ಬಿಗಿಯಾದಾಗ ಅವರು ಬ್ಯಾರಿಸ್ಟರನ್ನು ಗೊತ್ತುಮಾಡುತ್ತಾರೆ. ಕಾನೂನಿನ ಅಭಿಪ್ರಾಯ ಕೊಡುವುದು, ವಾದಪತ್ರ ಬರೆಯುವುದು, ಜಡ್ಜ್ ಮುಂದೆ ನಿಲ್ಲುವುದು ಬ್ಯಾರಿಸ್ಟರ್ ಪಾಲು. ಇಂಗ್ಲೆಂಡ್ ಮತ್ತು ವೇಲ್ಸ್ ಎರಡೂ ಸೇರಿ ಇವರ ಸಂಖ್ಯೆ 17 ಸಾವಿರಕ್ಕೂ ಹೆಚ್ಚು. ಅದರಲ್ಲಿ ಕ್ರಿಮಿನಲ್, ಕೌಟುಂಬಿಕ ಮೊಕದ್ದಮೆ ನಡೆಸುವವರೇ ಬಹಳ. ಭಾರೀ ವಾಣಿಜ್ಯ ವ್ಯಾಜ್ಯಗಳನ್ನೇ ಕಸುಬಾಗಿ ಹಿಡಿದವರು ಒಂದು ಸಣ್ಣ ಗುಂಪು.

ಬ್ಯಾರಿಸ್ಟರ್ ಆಗಬೇಕಾದವರು ಇನ್ ಎಂದು ಕರೆಯುವ ಲಂಡನ್ನಿನ ನಾಲ್ಕು ಬ್ಯಾರಿಸ್ಟರ್ ಸಂಘಗಳಲ್ಲಿ ಒಂದಕ್ಕೆ ಸೇರಲೇಬೇಕು: ಲಿಂಕನ್ಸ್ ಇನ್, ಇನ್ನರ್ ಟೆಂಪಲ್, ಮಿಡ್ಲ್ ಟೆಂಪಲ್, ಗ್ರೇಸ್ ಇನ್. ಈ ಹೆಸರುಗಳು ನಮಗೆ ಹೊಸವೇನಲ್ಲ. ಗಾಂಧೀಜಿ 1891ರಲ್ಲಿ ಇನ್ನರ್ ಟೆಂಪಲ್‌ನಿಂದ ಬ್ಯಾರಿಸ್ಟರ್ ಆದರು, ಅಂಬೇಡ್ಕರ್ 1922ರಲ್ಲಿ ಗ್ರೇಸ್ ಇನ್‌ನಿಂದ. ಗಾಂಧೀಜಿಯ ಹೆಸರನ್ನು ಅದೇ 1922ರಲ್ಲಿ ಇನ್ನರ್ ಟೆಂಪಲ್ ತನ್ನ ಪಟ್ಟಿಯಿಂದ ಹೊಡೆದುಹಾಕಿ, 1988ರಲ್ಲಿ ಮತ್ತೆ ಸೇರಿಸಿತು. ಅವರ ಕಾಲದಲ್ಲಿ ಇನ್‌ನಲ್ಲಿ ಕೂತು ನಿಗದಿತ ಸಂಖ್ಯೆಯ ರಾತ್ರಿಯೂಟ ಮಾಡುವುದೂ ಪರೀಕ್ಷೆಯಷ್ಟೇ ಕಡ್ಡಾಯವಾಗಿತ್ತು. ಈಗ ಊಟದ ಜಾಗದಲ್ಲಿ ಬಹುಪಾಲು ಉಪನ್ಯಾಸ, ತರಬೇತಿ ಬಂದಿವೆ, ಊಟವೂ ಉಳಿದುಕೊಂಡಿದೆ.

ಇನ್ ಎಂದರೆ ಸದಸ್ಯತ್ವ. ಕೆಲಸ ನಡೆಯುವ ಜಾಗ ಚೇಂಬರ್ಸ್. ಹೊಸಬರು ಹೆಚ್ಚಾಗಿ ಗೊಂದಲಗೊಳ್ಳುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ನೋಡೋಣ. ಚೇಂಬರ್ಸ್ ಒಂದು ಕಂಪನಿಯಲ್ಲ, ಪಾಲುದಾರಿಕೆಯೂ ಅಲ್ಲ. ನಮ್ಮ ಅಡಿಕೆ ಮಂಡಿಯಲ್ಲಿ ಒಂದೇ ಸೂರಿನಡಿ ಸಾಲಾಗಿ ಅಂಗಡಿಗಳಿದ್ದು, ಒಬ್ಬೊಬ್ಬರ ಖಾತೆ ಕಿರ್ದಿ ಬೇರೆ ಇರುತ್ತದಲ್ಲ, ಹಾಗೆ. ಬಾಡಿಗೆ, ಗ್ರಂಥಾಲಯ, ಸಿಬ್ಬಂದಿ ಖರ್ಚನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ. ಸಂಪಾದನೆ ಅವರವರದು. ಎಸೆಕ್ಸ್ ಕೋರ್ಟ್, ಬ್ರಿಕ್ ಕೋರ್ಟ್, ಫೌಂಟನ್ ಕೋರ್ಟ್, ಒನ್ ಎಸೆಕ್ಸ್ ಕೋರ್ಟ್ ಮುಂತಾದವು ವಾಣಿಜ್ಯ ವ್ಯಾಜ್ಯಕ್ಕೆ ಹೆಸರಾದ ಚೇಂಬರ್ಸ್‌ಗಳು.

ಖಾತೆ ಬೇರೆ ಇರುವುದರಿಂದಲೇ ಒಂದೇ ಚೇಂಬರ್ಸಿನ ಇಬ್ಬರು ಎದುರು ಬದುರು ಪಕ್ಷಗಳಿಗೆ ವಾದಿಸಬಹುದು. ಒಬ್ಬರು ವಾದಿಸುವಾಗ ಇನ್ನೊಬ್ಬರು ಕೋರ್ಟಿನ ಹೊರಗೆ ತೀರ್ಪು ಕೊಡುವ ಆರ್ಬಿಟ್ರೇಟರ್ ಆಗಿ ಕೂತಿರಬಹುದು. ಲಂಡನ್ನಿನವರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಹೊರಗಿನವರಿಗೆ ಇದು ನುಂಗಲಾರದ ತುತ್ತು. ಕ್ರೊಯೇಷಿಯಾದ ವಿದ್ಯುತ್ ಕಂಪನಿಗೂ ಸ್ಲೊವೇನಿಯಾ ಸರ್ಕಾರಕ್ಕೂ ನಡೆದ ಆರ್ಬಿಟ್ರೇಷನ್ನಿನಲ್ಲಿ, ಸ್ಲೊವೇನಿಯಾ ಕಡೆಯವರು ಕೊನೆ ಗಳಿಗೆಯಲ್ಲಿ ತಂದ ಬ್ಯಾರಿಸ್ಟರ್, ಪೀಠದ ಅಧ್ಯಕ್ಷರಿದ್ದ ಎಸೆಕ್ಸ್ ಕೋರ್ಟ್ ಚೇಂಬರ್ಸಿನವರೇ ಆಗಿದ್ದರು. 2008ರಲ್ಲಿ ಪೀಠ ಅವರು ಈ ಪ್ರಕರಣದಲ್ಲಿ ಮುಂದುವರಿಯುವಂತಿಲ್ಲ ಎಂದಿತು. ಮಂಡಿಯ ನಿಯಮ ಮಂಡಿಯವರಿಗೆ ಸಹಜವಿರಬಹುದು, ಕೊಳ್ಳಲು ಬಂದವನಿಗೂ ನಂಬಿಕೆ ಹುಟ್ಟಬೇಕು. ಆ ಪೀಠ ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ.

ಚೇಂಬರ್ಸಿನಲ್ಲಿ ಕಾನೂನು ಪದವಿಯಿಲ್ಲದ, ಆದರೆ ಬಹಳ ಪ್ರಭಾವವಿರುವ ಒಬ್ಬರಿರುತ್ತಾರೆ. ಅವರೇ ಕ್ಲರ್ಕ್. ನಮ್ಮ ಗುಮಾಸ್ತ ಎಂದು ತಿಳಿದರೆ ತಪ್ಪಾಗುತ್ತದೆ. ಯಾವ ಬ್ರೀಫು, ಅಂದರೆ ಸಾಲಿಸಿಟರ್ ಒಪ್ಪಿಸುವ ಮೊಕದ್ದಮೆ, ಯಾರಿಗೆ ಹೊಂದುತ್ತದೆ, ಫೀಜು ಎಷ್ಟು, ಯಾವ ತಾರೀಖು ಯಾರಿಗೆ ಬಿಡುವಿದೆ ಎಂಬುದನ್ನು ಸಾಲಿಸಿಟರ್ ಜೊತೆ ಚೌಕಾಸಿ ಮಾಡಿ ಗೊತ್ತುಮಾಡುವವರು ಇವರು. ಹಿಂದಿನ ಕಾಲದಲ್ಲಿ ಬ್ಯಾರಿಸ್ಟರ್ ಗಳಿಸಿದ್ದರಲ್ಲಿ ಇಷ್ಟು ಪಾಲು ಎಂಬ ಲೆಕ್ಕವಿತ್ತು. ಹೆಸರಾಂತ ಬ್ಯಾರಿಸ್ಟರಿಗೆ ಜಡ್ಜ್‌ಗಿಂತ ಹೆಚ್ಚು ಭಯವಿರುವುದು ಹಿರಿಯ ಕ್ಲರ್ಕಿನದು ಎಂಬ ತಮಾಷೆ ಸುಮ್ಮನೆ ಹುಟ್ಟಿದ್ದಲ್ಲ.

ಕ್ಲರ್ಕ್ ಆಯ್ಕೆ ಮಾಡಬಹುದು, ಆದರೆ ಬ್ಯಾರಿಸ್ಟರಿಗೆ ಆಯ್ಕೆ ಕಡಿಮೆ. ತನ್ನ ಕ್ಷೇತ್ರದ ಕೆಲಸ ಬಂದು, ಬಿಡುವಿದ್ದು, ತಕ್ಕ ಫೀಜು ಒಪ್ಪಿಕೊಂಡರೆ, ಕಕ್ಷಿದಾರ ಇಷ್ಟವಿಲ್ಲ ಎಂಬ ಕಾರಣಕ್ಕೆ ಬ್ರೀಫು ನಿರಾಕರಿಸುವಂತಿಲ್ಲ. ಸರದಿಯಲ್ಲಿ ನಿಂತ ಬಾಡಿಗೆ ಗಾಡಿಯವನು ಮುಂದೆ ಬಂದ ಸವಾರಿಯನ್ನು ಬಿಡಬಾರದು ಎಂಬ ಕಟ್ಟಳೆಯಿಂದ ಇದಕ್ಕೆ ಕ್ಯಾಬ್ ರ‍್ಯಾಂಕ್ ನಿಯಮ ಎಂದು ಹೆಸರು. ಹೀಗಾಗಿ ಇವತ್ತು ಬ್ಯಾಂಕಿನ ಪರ ನಿಂತವರು ಮುಂದಿನ ತಿಂಗಳು ಸಾಲಗಾರನ ಪರ ನಿಲ್ಲುತ್ತಾರೆ. ಇದರ ಮೇಲೆ ಇನ್ನೊಂದು ಕರ್ತವ್ಯವಿದೆ. ಕೋರ್ಟಿಗೆ ಸಲ್ಲಬೇಕಾದ ಪ್ರಾಮಾಣಿಕತೆ ಕಕ್ಷಿದಾರನಿಗಿಂತ ಮೇಲು. ತನ್ನ ವಾದವನ್ನು ಕೆಡಿಸುವ ಹಳೆಯ ತೀರ್ಪು ಇದ್ದರೆ, ಎದುರಾಳಿ ಅದನ್ನು ನೋಡಿರದಿದ್ದರೂ ತಾನೇ ಜಡ್ಜ್ ಗಮನಕ್ಕೆ ತರಬೇಕು. ಸಾಕ್ಷಿಗೆ ಹೇಳಿಕೆ ಕಲಿಸಿಕೊಡುವುದು ನಿಷಿದ್ಧ.

ಇನ್ನು ಕೋರ್ಟು. ಲಂಡನ್ನಿನ ಕಮರ್ಷಿಯಲ್ ಕೋರ್ಟ್ ಹುಟ್ಟಿದ್ದು ಒಬ್ಬ ಜಡ್ಜ್ ಕೆಲಸ ಕೆಡಿಸಿದ್ದರಿಂದ ಎಂದು ಅಲ್ಲಿನ ವಕೀಲರು ಇಂದಿಗೂ ಹೇಳಿಕೊಂಡು ನಗುತ್ತಾರೆ. 1891ರಲ್ಲಿ ಜಸ್ಟಿಸ್ ಲಾರೆನ್ಸ್ ಎಂಬುವರ ಮುಂದೆ ಒಂದು ಮೊಕದ್ದಮೆ ಬಂತು. ಹಡಗಿಗೆ ಆಪತ್ತು ಬಂದಾಗ ಅದನ್ನು ಉಳಿಸಲು ಆದ ಖರ್ಚನ್ನು ಹಡಗಿನ ಒಡೆಯರೂ ಸರಕಿನವರೂ ಯಾವ ಲೆಕ್ಕದಲ್ಲಿ ಹಂಚಿಕೊಳ್ಳಬೇಕು ಎಂಬ ತಕರಾರು ಅದು. ಸಮುದ್ರ ವ್ಯಾಪಾರದ ತಳಬುಡ ಗೊತ್ತಿಲ್ಲದ ಜಡ್ಜ್ ವಾರಗಟ್ಟಲೆ ವಾದ ಕೇಳಿದರು, ತೀರ್ಪು ಕಾಯ್ದಿರಿಸಿ ತಿಂಗಳುಗಟ್ಟಲೆ ಸುಮ್ಮನಿದ್ದರು. ಲಂಡನ್ನಿನ ವ್ಯಾಪಾರಿಗಳು ಆ ಮೊದಲೇ ಕೋರ್ಟುಗಳ ಮೇಲೆ ರೋಸಿಹೋಗಿ, ತಂತಮ್ಮಲ್ಲೇ ಪಂಚಾಯಿತಿ ಮಾಡಿಕೊಳ್ಳಲು ಶುರುಮಾಡಿದ್ದರು. ಕೊನೆಗೆ 1895ರಲ್ಲಿ ವ್ಯಾಪಾರದ ಮೊಕದ್ದಮೆಗಳಿಗೆಂದೇ ಪ್ರತ್ಯೇಕ ಪಟ್ಟಿ ತಯಾರಾಗಿ, ವಿಷಯ ಬಲ್ಲ ಜಸ್ಟಿಸ್ ಮ್ಯಾಥ್ಯೂ ಅವರ ಕೈಗೆ ಬಂತು. ಅದೇ ಬೆಳೆದು ಈಗ ಫೆಟರ್ ಲೇನಿನ ರೋಲ್ಸ್ ಬಿಲ್ಡಿಂಗ್‌ನಲ್ಲಿ ಕೂರುವ ಕಮರ್ಷಿಯಲ್ ಕೋರ್ಟ್. ಅಲ್ಲಿ ವ್ಯಾಜ್ಯವಾಡುವವರಲ್ಲಿ ಇಂಗ್ಲೆಂಡಿಗೆ ಕಾಲಿಡದ ಕಂಪನಿಗಳೂ ಬೇಕಾದಷ್ಟಿವೆ. ಒಪ್ಪಂದ ಬರೆಯುವಾಗಲೇ ಜಗಳವಾದರೆ ಇಂಗ್ಲಿಷ್ ಕಾನೂನು, ಲಂಡನ್ ಕೋರ್ಟು ಎಂದು ಬರೆದುಕೊಂಡಿರುತ್ತಾರೆ. ಸೋತವರು ಗೆದ್ದವರ ವಕೀಲಿ ಖರ್ಚಿನ ದೊಡ್ಡ ಪಾಲನ್ನು ಕೊಡಬೇಕಾಗುತ್ತದೆ, ಆದ್ದರಿಂದ ಆಟವಾಡಲೆಂದು ದಾವೆ ಹಾಕುವವರು ಕಡಿಮೆ.

ಈಗ ಕಸುಬಿನ ಒಳಗೆ ಹೋಗೋಣ. ಭಾರೀ ಮೊಕದ್ದಮೆಯೊಂದರಲ್ಲಿ ಎರಡೂ ಕಡೆಯಿಂದ ಬರುವ ಇಮೇಲು, ಸಭೆಯ ನಡವಳಿ, ಲೆಕ್ಕಪತ್ರ ಸೇರಿ ದಾಖಲೆಗಳು ಲಕ್ಷಗಟ್ಟಲೆ ಇರಬಹುದು. ತನ್ನ ವಿರುದ್ಧ ಹೋಗುವ ದಾಖಲೆಯನ್ನೂ ಎದುರಾಳಿಗೆ ಒಪ್ಪಿಸಬೇಕೆಂಬುದು ಇಂಗ್ಲೆಂಡಿನ ನಿಯಮ. ಇಷ್ಟೆಲ್ಲ ಬಂದು ಬೀಳುವ ಕೋರ್ಟು ವಾದಪತ್ರಕ್ಕೆ ಮಾತ್ರ 25 ಪುಟದ ಮಿತಿ ಹಾಕಿದೆ, ಮೀರಬೇಕಾದರೆ ಅನುಮತಿ ಕೇಳಬೇಕು. ವಿಚಾರಣೆಯ ಮುಂಚೆ ಸಲ್ಲಿಸುವ ಲಿಖಿತ ವಾದಕ್ಕೂ ಮಿತಿಯಿದೆ. ಲಕ್ಷ ಹಾಳೆಯಿಂದ ಇಪ್ಪತ್ತೈದು ಪುಟಕ್ಕೆ ಇಳಿಸುವ ಈ ಕೆಲಸದಲ್ಲೇ ಒಳ್ಳೆಯ ಬ್ಯಾರಿಸ್ಟರ್ ಯಾರು, ಸಾಧಾರಣ ಯಾರು ಎಂಬುದು ಗೊತ್ತಾಗುತ್ತದೆ. ಇಡೀ ಜಗಳದಲ್ಲಿ ಜಡ್ಜ್ ಉತ್ತರಿಸಲೇಬೇಕಾದ ಪ್ರಶ್ನೆ ಎರಡೋ ಮೂರೋ ಇರುತ್ತವೆ. ಅವನ್ನು ಹುಡುಕಿ, ಉಳಿದದ್ದನ್ನು ಬಿಡುವ ಧೈರ್ಯ ಬೇಕು. ಬಿಡಲು ಹೆದರುವವರು ಹದಿನೈದು ವಾದ ಹೂಡಿ, ಗೆಲ್ಲುವ ಒಂದನ್ನು ಅದರೊಳಗೇ ಮುಳುಗಿಸುತ್ತಾರೆ.

ಎಷ್ಟೋ ಸಲ ಪ್ರಶ್ನೆ ಒಂದು ವಾಕ್ಯದ ಅರ್ಥಕ್ಕೆ ಬಂದು ನಿಲ್ಲುತ್ತದೆ. ವೇಲ್ಸ್‌ನ ಕಡಲ ತೀರದ ಆಕ್ಸ್‌ವಿಚ್ ಎಂಬಲ್ಲಿ ರಜೆ ಕಳೆಯುವ ಪುಟ್ಟ ಮನೆಗಳನ್ನು 99 ವರ್ಷದ ಗುತ್ತಿಗೆಗೆ ಕೊಟ್ಟಿದ್ದರು. ನಿರ್ವಹಣಾ ಶುಲ್ಕ ಮೊದಲ ವರ್ಷ 90 ಪೌಂಡ್, ಆಮೇಲೆ ಕೆಲವು ಮನೆಗಳಿಗೆ ಪ್ರತಿ ವರ್ಷ ಶೇ 10ರಂತೆ ಚಕ್ರಗತಿಯಲ್ಲಿ ಏರಿಕೆ. ಬೆಲೆ ಏರಿಕೆ ಜೋರಾಗಿದ್ದ 1970ರ ದಶಕದ ಯೋಚನೆ ಅದು, ಆಗ ವಿಚಿತ್ರವೆನಿಸಲಿಲ್ಲ. ಲೆಕ್ಕ ಹಾಕಿ ನೋಡಿದರೆ 2072ರ ಹೊತ್ತಿಗೆ ಒಂದು ಮನೆಯ ವಾರ್ಷಿಕ ಶುಲ್ಕವೇ ಐದೂವರೆ ಲಕ್ಷ ಪೌಂಡ್ ದಾಟುತ್ತದೆ. ಇದು ಯಾರೂ ಉದ್ದೇಶಿಸಿದ್ದಲ್ಲ, ಗರಿಷ್ಠ ಮಿತಿ ಎಂದು ಓದಿ ಎಂದರು ಗುತ್ತಿಗೆದಾರರು. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಬಹುಮತದಿಂದ ಅವರ ವಿರುದ್ಧ ತೀರ್ಪು ಕೊಟ್ಟಿತು. ಬರೆದದ್ದು ಸ್ಪಷ್ಟವಿದೆ, ಕೆಟ್ಟ ಕರಾರಿನಿಂದ ಒಬ್ಬರನ್ನು ಪಾರುಮಾಡುವುದು ಕೋರ್ಟಿನ ಕೆಲಸವಲ್ಲ ಎಂಬ ನಿಲುವು ಅದು. ಲಾರ್ಡ್ ಕಾರ್ನ್‌ವತ್ ಒಬ್ಬರೇ ಒಪ್ಪಲಿಲ್ಲ. ಆರ್ನಲ್ಡ್ ಮತ್ತು ಬ್ರಿಟನ್ ಎಂಬ ಈ ಮೊಕದ್ದಮೆಯನ್ನು ಕೋಟ್ಯಂತರ ಪೌಂಡಿನ ವ್ಯಾಪಾರದ ಒಪ್ಪಂದಗಳ ಜಗಳದಲ್ಲೂ ಇಂದು ಉಲ್ಲೇಖಿಸುತ್ತಾರೆ. ಹೊಸದಾಗಿ ಕಲಿಯುವವರು ಮೊದಲು ಇದನ್ನು ಓದಲಿ ಎಂದು ನಾನು ಹೇಳುವುದುಂಟು. ಬಹುಮತವನ್ನೂ ಭಿನ್ನಮತವನ್ನೂ ಓದಿ, ತಮ್ಮ ಮನಸ್ಸು ಯಾವ ಕಡೆ ವಾಲುತ್ತದೆ ಎಂದು ನೋಡಿಕೊಳ್ಳಲಿ.

ಬರವಣಿಗೆಯೇ ಇಲ್ಲದ ಒಪ್ಪಂದವಾದರೆ? ರಷ್ಯಾದ ಶ್ರೀಮಂತ ಬೋರಿಸ್ ಬೆರೆಜೊವ್‌ಸ್ಕಿ ಇನ್ನೊಬ್ಬ ಶ್ರೀಮಂತ ರೋಮನ್ ಅಬ್ರಮೊವಿಚ್ ಮೇಲೆ ಐದು ನೂರು ಕೋಟಿ ಡಾಲರಿಗೂ ಮೀರಿದ ದಾವೆ ಹೂಡಿದ್ದರು. ತೈಲ ಕಂಪನಿಯಲ್ಲಿ ತನಗೂ ಪಾಲಿದೆ ಎಂದು 1990ರ ದಶಕದಲ್ಲಿ ಬಾಯಿಮಾತಿನಲ್ಲಿ ಒಪ್ಪಂದವಾಗಿತ್ತು ಎಂಬುದು ಅವರ ವಾದದ ಬುಡ. 2011ರ ಅಕ್ಟೋಬರಿನಿಂದ 2012ರ ಜನವರಿಯವರೆಗೆ ವಿಚಾರಣೆ ನಡೆಯಿತು. ಅಬ್ರಮೊವಿಚ್ ಪರ ಜೊನಾಥನ್ ಸಂಪ್ಷನ್, ಬೆರೆಜೊವ್‌ಸ್ಕಿ ಪರ ಲಾರೆನ್ಸ್ ರಾಬಿನೋವಿಟ್ಸ್. ಸಂಪ್ಷನ್ ಆಗಲೇ ಸುಪ್ರೀಂ ಕೋರ್ಟ್ ಜಡ್ಜ್ ಆಗಿ ಆಯ್ಕೆಯಾಗಿದ್ದವರು, ಈ ಮೊಕದ್ದಮೆ ಮುಗಿಸಿಕೊಂಡೇ ಪೀಠಕ್ಕೆ ಹೋದರು. ಬರಹ ಇಲ್ಲದಲ್ಲಿ ಎಲ್ಲ ಭಾರವೂ ಪಾಟೀಸವಾಲಿನ ಮೇಲೆ ಬಿತ್ತು. ಜಸ್ಟಿಸ್ ಎಲಿಜಬೆತ್ ಗ್ಲಾಸ್ಟರ್ ಬೆರೆಜೊವ್‌ಸ್ಕಿಯ ಸಾಕ್ಷ್ಯವನ್ನು ನಂಬಲಿಲ್ಲ, ದಾವೆ ವಜಾ ಆಯಿತು. ಇಂಥ ಪಾಟೀಸವಾಲಿನಲ್ಲಿ ಗದರಿಕೆ ಇರುವುದಿಲ್ಲ. ಈ ತಾರೀಖಿನ ಪತ್ರ ನೋಡಿ, ಇದರಲ್ಲಿ ಹೀಗಿದೆ, ನಿಮ್ಮ ಹೇಳಿಕೆಯಲ್ಲಿ ಹಾಗಿದೆ, ಎರಡರಲ್ಲಿ ಯಾವುದು ನಿಜ ಎಂದು ಮೆಲ್ಲಗೆ ಕೇಳುತ್ತ ಹೋಗುತ್ತಾರೆ. ಮೊದಲ ಪ್ರಶ್ನೆಗೇ ಹತ್ತನೆಯ ಪ್ರಶ್ನೆಯ ಬಲೆ ನೇಯ್ದಿರುತ್ತಾರೆ.

2013ರಲ್ಲಿ ಗೆಸ್ಟ್‌ಮಿನ್ ಎಂಬ ಮೊಕದ್ದಮೆಯಲ್ಲಿ ಜಸ್ಟಿಸ್ ಲೆಗಟ್ ಮನುಷ್ಯನ ನೆನಪಿನ ಬಗ್ಗೆಯೇ ಕೆಲವು ಪುಟ ಬರೆದರು. ಪ್ರಾಮಾಣಿಕನ ನೆನಪೂ ಪ್ರತಿ ಸಲ ಹೇಳುವಾಗ ಸ್ವಲ್ಪ ಬದಲಾಗುತ್ತದೆ, ಮೊಕದ್ದಮೆಗೆ ಸಿದ್ಧವಾಗುವ ಕೆಲಸವೇ ಅದನ್ನು ಇನ್ನಷ್ಟು ತಿದ್ದುತ್ತದೆ, ಹಾಗಾಗಿ ವಾಣಿಜ್ಯ ವ್ಯಾಜ್ಯದಲ್ಲಿ ಆ ಕಾಲದಲ್ಲೇ ಹುಟ್ಟಿದ ದಾಖಲೆಗಳ ಮೇಲೆ ಭಾರ ಹಾಕುವುದೇ ಸೂಕ್ತ ಎಂದು ಅವರ ಅಭಿಪ್ರಾಯ. ನಂತರದ ಕೆಲವು ತೀರ್ಪುಗಳು ಇದನ್ನು ಕಣ್ಣುಮುಚ್ಚಿ ಅನ್ವಯಿಸಬೇಡಿ ಎಂದಿವೆ. ಆದರೂ ಕಮರ್ಷಿಯಲ್ ಬ್ಯಾರಿಸ್ಟರ್ ತನ್ನ ದಿನದ ಹೆಚ್ಚು ಹೊತ್ತನ್ನು ಏಕೆ ಕೋಣೆಯಲ್ಲಿ ಓದುತ್ತ ಕಳೆಯುತ್ತಾನೆ ಎಂಬುದಕ್ಕೆ ಉತ್ತರ ಆ ಪುಟಗಳಲ್ಲಿದೆ.

ಇದುವರೆಗೆ ಹೇಳಿದ್ದು ಕೋರ್ಟಿನ ಮಾತು. ಈ ಬ್ಯಾರಿಸ್ಟರುಗಳ ಕೆಲಸದ ದೊಡ್ಡ ಪಾಲು ನಡೆಯುವುದು ಆರ್ಬಿಟ್ರೇಷನ್ನಿನಲ್ಲಿ. ನಮ್ಮ ಜಗಳವನ್ನು ಕೋರ್ಟಿಗೆ ಒಯ್ಯುವುದಿಲ್ಲ, ನಾವೇ ಆರಿಸಿದ ಒಬ್ಬರೋ ಮೂವರೋ ಬಗೆಹರಿಸಲಿ, ಅವರ ಐತೀರ್ಪಿಗೆ ಬದ್ಧರು ಎಂದು ಪಕ್ಷಗಳು ಮೊದಲೇ ಬರೆದುಕೊಂಡಿರುತ್ತವೆ. ಸಾಮಾನ್ಯವಾಗಿ ಆಚೆ ಈಚೆಯವರು ಒಬ್ಬೊಬ್ಬರನ್ನು ಹೆಸರಿಸಿ, ಮೂರನೆಯವರು ಅಧ್ಯಕ್ಷರಾಗುತ್ತಾರೆ. ವಿಚಾರಣೆ ಖಾಸಗಿ, ಪತ್ರಕರ್ತರಿಗೆ ಪ್ರವೇಶವಿಲ್ಲ. ಇದರ ಬಲವೆಲ್ಲ 1958ರ ನ್ಯೂಯಾರ್ಕ್ ಒಡಂಬಡಿಕೆಯಲ್ಲಿದೆ. ಅದಕ್ಕೆ ಸಹಿ ಹಾಕಿದ 170ಕ್ಕೂ ಹೆಚ್ಚು ದೇಶಗಳ ಕೋರ್ಟುಗಳು ಒಂದು ದೇಶದ ಐತೀರ್ಪನ್ನು ಇನ್ನೊಂದರಲ್ಲಿ ಜಾರಿ ಮಾಡಿಕೊಡುತ್ತವೆ. ಕೋರ್ಟಿನ ಡಿಕ್ರಿಗೆ ಇಷ್ಟು ಸುಲಭದ ಪಾಸ್‌ಪೋರ್ಟ್ ಇಲ್ಲ.

ಆರ್ಬಿಟ್ರೇಷನ್ನಿಗೆ ಒಂದು ಕಾನೂನಿನ ನೆಲೆ ಬೇಕು, ಅದನ್ನು ಸೀಟ್ ಎನ್ನುತ್ತಾರೆ. ವಿಚಾರಣೆ ದುಬೈನ ಹೋಟೆಲಿನಲ್ಲಿ ನಡೆದರೂ ಸೀಟ್ ಲಂಡನ್ ಆಗಿದ್ದರೆ ಮೇಲ್ವಿಚಾರಣೆ ಇಂಗ್ಲೆಂಡಿನ ಕೋರ್ಟಿನದು, ಕಾನೂನು 1996ರ ಆರ್ಬಿಟ್ರೇಷನ್ ಕಾಯ್ದೆ. 2025ರಲ್ಲಿ ಅದಕ್ಕೆ ತಿದ್ದುಪಡಿಯಾಗಿದೆ. ಪಕ್ಷಗಳು ಬೇರೆ ಹೇಳದಿದ್ದರೆ ಆರ್ಬಿಟ್ರೇಷನ್ ಕರಾರಿಗೂ ಸೀಟ್‌ನ ಕಾನೂನೇ ಅನ್ವಯಿಸುತ್ತದೆ ಎಂಬುದು ಅದರ ಮುಖ್ಯ ಬದಲಾವಣೆ. ಐತೀರ್ಪನ್ನು ಕೋರ್ಟಿನಲ್ಲಿ ಪ್ರಶ್ನಿಸಲು ಇರುವ ದಾರಿಗಳು ಕಿರಿದು: ಪೀಠಕ್ಕೆ ಅಧಿಕಾರವೇ ಇರಲಿಲ್ಲ ಎನ್ನಬಹುದು, ಗಂಭೀರ ಅಕ್ರಮ ನಡೆದಿದೆ ಎನ್ನಬಹುದು, ಕೆಲವೊಮ್ಮೆ ಕಾನೂನಿನ ಪ್ರಶ್ನೆ ಎತ್ತಬಹುದು. ಅದೂ 28 ದಿನದೊಳಗೆ.

ಈ ಕಿರುದಾರಿಯಲ್ಲಿ ನೈಜೀರಿಯಾ ನುಸುಳಿ ಬಂದ ಕಥೆಯನ್ನು ಹೇಳಲೇಬೇಕು. 2010ರಲ್ಲಿ ಆ ದೇಶದ ಸರ್ಕಾರ ಪಿ ಆಂಡ್ ಐಡಿ ಎಂಬ ಕಂಪನಿಯ ಜೊತೆ 20 ವರ್ಷದ ಅನಿಲ ಸಂಸ್ಕರಣೆಯ ಒಪ್ಪಂದ ಮಾಡಿಕೊಂಡಿತು. ಘಟಕ ಕಟ್ಟಲೇ ಇಲ್ಲ, ಅನಿಲವೂ ಹರಿಯಲಿಲ್ಲ. ಕಂಪನಿ ಲಂಡನ್ ಸೀಟಿನ ಆರ್ಬಿಟ್ರೇಷನ್ನಿಗೆ ಹೋಯಿತು. ಇಂಗ್ಲೆಂಡಿನ ಅತ್ಯುನ್ನತ ಪೀಠದಲ್ಲಿ ಕೂತಿದ್ದ ಲಾರ್ಡ್ ಹಾಫ್‌ಮನ್ ಸೇರಿ ಮೂವರ ಪೀಠ 2017ರಲ್ಲಿ 660 ಕೋಟಿ ಡಾಲರ್ ಕೊಡಿಸಿತು. ಬಡ್ಡಿ ಸೇರಿ ಅದು 1,100 ಕೋಟಿ ದಾಟಿತು. ನೈಜೀರಿಯಾ ಎಚ್ಚರಗೊಂಡು ಪ್ರಶ್ನಿಸುವ ಹೊತ್ತಿಗೆ 28 ದಿನ ಕಳೆದು ವರ್ಷಗಳೇ ಆಗಿದ್ದವು. ವಂಚನೆಯ ಬಲವಾದ ಶಂಕೆ ಕಂಡ ಕೋರ್ಟು 2020ರಲ್ಲಿ ಕಾಲಾವಕಾಶ ವಿಸ್ತರಿಸಿತು. 2023ರ ಅಕ್ಟೋಬರಿನಲ್ಲಿ ಜಸ್ಟಿಸ್ ರಾಬಿನ್ ನೋಲ್ಸ್ ಐತೀರ್ಪು ವಂಚನೆಯಿಂದ ಪಡೆದದ್ದು ಎಂದು ತೀರ್ಮಾನಿಸಿದರು. ಅಧಿಕಾರಿಣಿಯೊಬ್ಬರಿಗೆ ಲಂಚ ಕೊಡಲಾಗಿತ್ತು, ಸಾಕ್ಷ್ಯದಲ್ಲಿ ಗೊತ್ತಿದ್ದೂ ಸುಳ್ಳು ಹೇಳಲಾಗಿತ್ತು, ನೈಜೀರಿಯಾ ತನ್ನ ವಕೀಲರಿಂದ ಪಡೆದ ಗೋಪ್ಯ ಕಾನೂನು ಸಲಹೆಯ ಕಾಗದಗಳು ಎದುರಾಳಿಯ ಕೈಸೇರಿದ್ದವು, ಅವರು ಅವನ್ನು ಹಿಂದಿರುಗಿಸದೆ ಇಟ್ಟುಕೊಂಡಿದ್ದರು.

ಈ ತೀರ್ಪಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ವಂಚನೆಗಿಂತ ಹೆಚ್ಚಾಗಿ ಆರ್ಬಿಟ್ರೇಷನ್ ನಡೆದ ಬಗೆ. ಪೀಠದವರು ಪ್ರಾಮಾಣಿಕರು, ಅನುಭವಿಗಳು. ಆದರೆ ಆಗ ನೈಜೀರಿಯಾ ಪರ ವಾದ ದುರ್ಬಲವಾಗಿತ್ತು, ಕೇಳಬೇಕಾದ ಪ್ರಶ್ನೆಗಳನ್ನು ಯಾರೂ ಕೇಳಲಿಲ್ಲ, ಬಾಗಿಲು ಮುಚ್ಚಿದ್ದರಿಂದ ಹೊರಗಿನವರ ಕಣ್ಣೂ ಬೀಳಲಿಲ್ಲ. ಇಂಗ್ಲೆಂಡಿನ ಪದ್ಧತಿಯಲ್ಲಿ ತೀರ್ಪುಗಾರ ತಾನಾಗಿ ಹೋಗಿ ಸತ್ಯ ಅಗೆಯುವುದಿಲ್ಲ, ಎರಡು ಕಡೆಯ ವಕೀಲರು ಅಗೆದು ತಂದದ್ದನ್ನು ತೂಗುತ್ತಾನೆ. ಒಂದು ಕಡೆ ಅಗೆಯುವವರೇ ಇಲ್ಲದಿದ್ದರೆ ತಕ್ಕಡಿ ಎಷ್ಟು ನೇರವಿದ್ದರೂ ಪ್ರಯೋಜನವಿಲ್ಲ. ಮುಂದೆ ಹೈಕೋರ್ಟಿನಲ್ಲಿ ಮಾರ್ಕ್ ಹೊವರ್ಡ್ ನೇತೃತ್ವದ ತಂಡ ಅದೇ ನೈಜೀರಿಯಾದ ಪರ ಬ್ಯಾಂಕ್ ದಾಖಲೆ, ಇಮೇಲುಗಳನ್ನು ಎಳೆಎಳೆಯಾಗಿ ಬಿಡಿಸಿತು. ನೋಲ್ಸ್ ಅವರ ತೀರ್ಪು ಉದ್ದವಿದೆ, ಆದರೆ ಕಾದಂಬರಿಯಂತೆ ಓದಿಸಿಕೊಂಡು ಹೋಗುತ್ತದೆ.

ಕೊನೆಗೆ ದಾರಿಯ ವಿಚಾರ. ಕಾನೂನು ಪದವಿ, ಬೇರೆ ಪದವಿಯಾದರೆ ಒಂದು ಪರಿವರ್ತನಾ ಕೋರ್ಸು, ಆಮೇಲೆ ಬಾರ್ ಕೋರ್ಸು. ಇದಿಷ್ಟನ್ನು ದುಡ್ಡು ಕೊಟ್ಟು ಮುಗಿಸಬಹುದು. ಕಷ್ಟವಿರುವುದು ಪ್ಯೂಪಿಲೇಜ್ ಸಿಗುವುದರಲ್ಲಿ. ಚೇಂಬರ್ಸಿನ ಅನುಭವಿಯೊಬ್ಬರ ಬಳಿ 12 ತಿಂಗಳ ಕಲಿಕೆ ಅದು. ಮೊದಲ ಆರು ತಿಂಗಳು ನೋಡುವುದು, ಕರಡು ಬರೆದು ತಿದ್ದಿಸಿಕೊಳ್ಳುವುದು, ನಂತರದ ಆರರಲ್ಲಿ ಸಣ್ಣಪುಟ್ಟ ಕೆಲಸ ಸ್ವತಃ ಮಾಡುವುದು. ಇಡೀ ದೇಶದಲ್ಲಿ ವರ್ಷಕ್ಕೆ ಐದಾರು ನೂರು ಜಾಗ, ದೊಡ್ಡ ಕಮರ್ಷಿಯಲ್ ಚೇಂಬರ್ಸಿನಲ್ಲಿ ಬೆರಳೆಣಿಕೆಯಷ್ಟು. ಆ ವರ್ಷ ಮುಗಿದ ಮೇಲೆ ಚೇಂಬರ್ಸಿನವರು ಒಪ್ಪಿದರೆ ಖಾಯಂ ಸ್ಥಾನ. ಆಮೇಲಿನ ಹತ್ತು ಹದಿನೈದು ವರ್ಷ ಜೂನಿಯರ್: ಹಿರಿಯರ ಹಿಂದೆ ಕೂತು ದಾಖಲೆ ಜೋಡಿಸುವುದು, ಕಾನೂನು ಹುಡುಕುವುದು, ಪಾಟೀಸವಾಲಿನ ಕರಡು ಮಾಡುವುದು. ವರ್ಷಕ್ಕೆ ನೂರರ ಆಸುಪಾಸಿನ ಜನ ಕಿಂಗ್ಸ್ ಕೌನ್ಸೆಲ್ ಆಗುತ್ತಾರೆ, ರೇಷ್ಮೆ ನಿಲುವಂಗಿ ತೊಡುವುದರಿಂದ ಅವರನ್ನು ಸಿಲ್ಕ್ ಎನ್ನುತ್ತಾರೆ. ರಾಣಿ ಎಲಿಜಬೆತ್ ತೀರಿಕೊಂಡ 2022ರವರೆಗೆ ಇದೇ ಪದವಿ ಕ್ವೀನ್ಸ್ ಕೌನ್ಸೆಲ್ ಆಗಿತ್ತು. ಸಿಲ್ಕ್ ಆದವರಲ್ಲಿ ಕೆಲವರು ಮುಂದೆ ಜಡ್ಜ್, ಇನ್ನು ಕೆಲವರು ಪೂರ್ಣಾವಧಿ ಆರ್ಬಿಟ್ರೇಟರ್.

ಆದಾಯದ ಬಗ್ಗೆ ಕೇಳದೆ ಯಾರೂ ಬಿಡುವುದಿಲ್ಲ. ಈ ಕ್ಷೇತ್ರದಲ್ಲಿ ಅದು ಬಹಳ ಒಳ್ಳೆಯದು, ಕ್ರಿಮಿನಲ್ ವಕಾಲತ್ತಿನ ಕಿರಿಯರಿಗೆ ಹೋಲಿಸಿದರೆ ನಾಚಿಕೆಯಾಗುವಷ್ಟು ಅಂತರವಿದೆ. ಆದರೆ ಬ್ಯಾರಿಸ್ಟರ್ ಸ್ವಂತ ದುಡಿಮೆಯವನು: ಸಂಬಳದ ರಜೆಯಿಲ್ಲ, ಪಿಂಚಣಿ ತಾನೇ ನೋಡಿಕೊಳ್ಳಬೇಕು, ಮೂರು ತಿಂಗಳಿಗೆಂದು ಕಾಯ್ದಿಟ್ಟ ವಿಚಾರಣೆ ಹಿಂದಿನ ವಾರ ರಾಜಿಯಾದರೆ ಆ ಮೂರು ತಿಂಗಳು ಖಾಲಿ.

ಕರ್ನಾಟಕದಲ್ಲಿ ಕಾನೂನು ಓದಿ ಸನ್ನದು ಪಡೆದವರಿಗೂ ದಾರಿ ಮುಚ್ಚಿಲ್ಲ. ಬೇರೆ ದೇಶದ ವಕೀಲರು ಬಾರ್ ಸ್ಟ್ಯಾಂಡರ್ಡ್ಸ್ ಬೋರ್ಡಿಗೆ ಅರ್ಜಿ ಹಾಕಿ, ಯಾವ ಹಂತಗಳಿಂದ ವಿನಾಯಿತಿ ಸಿಗುತ್ತದೆ ಎಂದು ತಿಳಿದು, ಉಳಿದ ಪರೀಕ್ಷೆ ಬರೆಯಬಹುದು. ಲಂಡನ್ನಿಗೆ ಹೋಗಲೇಬೇಕೆಂದೂ ಇಲ್ಲ. 2015ರ ಕಮರ್ಷಿಯಲ್ ಕೋರ್ಟ್ಸ್ ಕಾಯ್ದೆಯಡಿ ಬೆಂಗಳೂರಿನಲ್ಲೇ ವಾಣಿಜ್ಯ ನ್ಯಾಯಾಲಯಗಳಿವೆ, 2018ರ ತಿದ್ದುಪಡಿಯ ನಂತರ 3 ಲಕ್ಷ ರೂಪಾಯಿ ಮೌಲ್ಯದ ವಾಣಿಜ್ಯ ವ್ಯಾಜ್ಯವೂ ಅಲ್ಲಿಗೆ ಬರುತ್ತದೆ. ಅಂತರರಾಷ್ಟ್ರೀಯ ವಾಣಿಜ್ಯ ಆರ್ಬಿಟ್ರೇಷನ್ನಿಗಾಗಿ ವಿದೇಶಿ ವಕೀಲರು ಭಾರತಕ್ಕೆ ಬಂದು ಹೋಗುವುದಕ್ಕೆ ಸಂಪೂರ್ಣ ನಿಷೇಧವಿಲ್ಲ ಎಂದು 2018ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಲಂಡನ್ನಿನ ಸಿಲ್ಕ್ ಒಬ್ಬರ ಪಕ್ಕದಲ್ಲಿ ಬೆಂಗಳೂರಿನ ಜೂನಿಯರ್ ಕೂರುವುದು ದೂರದ ಮಾತಲ್ಲ. ಆಸಕ್ತಿಯಿದ್ದವರು ಒಂದು ಕೆಲಸ ಈ ವಾರವೇ ಮಾಡಬಹುದು: ಆರ್ನಲ್ಡ್ ಮತ್ತು ಬ್ರಿಟನ್ ತೀರ್ಪು ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ, ಅದನ್ನು ಓದಿ, ಗುತ್ತಿಗೆದಾರರ ಪರ ಎರಡು ಪುಟ ಮೀರದಂತೆ ವಾದ ಬರೆದು ತನ್ನಿ. ಮೂರನೆಯ ಪುಟವನ್ನು ನಾನು ಓದುವುದಿಲ್ಲ.